ಕಲ್ಲುಹೂವು: ಖಾರದ ಡಬ್ಬಿಯಿಂದ ಔಷಧದ ಕಪಾಟಿನವರೆಗೆ

ಬೇರಿಲ್ಲ, ಕಾಂಡವಿಲ್ಲ, ಎಲೆಯಿಲ್ಲ. ಹೂವು ಬಿಡುವ ಮಾತಂತೂ ಇಲ್ಲವೇ ಇಲ್ಲ. ಆದರೂ ಹೆಸರು ಮಾತ್ರ ಹೂವು! ಕಿತ್ತೂರಿನ ಕೋಟೆಗೋಡೆಯಿಂದ ರಾಮದುರ್ಗದ ಗುಡ್ಡದ ಬಂಡೆಯವರೆಗೆ, ನೋಡುವವರಿಲ್ಲದೆ ಬದುಕುತ್ತಿರುವ ಈ ಜೀವಿಯ ಕತೆ ವಿಚಿತ್ರವಾದುದು.

ಯುಗಾದಿಯ ಆಸುಪಾಸಿನಲ್ಲಿ ಬಿಸಿಲು ಏರತೊಡಗಿದರೆ ಬೈಲಹೊಂಗಲ, ಸವದತ್ತಿ ಸೀಮೆಯ ಮನೆಗಳಲ್ಲಿ ವರ್ಷದ ಖಾರ ಮಾಡಿಡುವ ಗಡಿಬಿಡಿ. ಮಾಳಿಗೆಯ ಮೇಲೆ ಕೆಂಪು ಮೆಣಸಿನಕಾಯಿ ಒಣಗುತ್ತಿರುತ್ತವೆ. ಕೊತ್ತಂಬರಿ ಕಾಳು, ಜೀರಿಗೆ, ಲವಂಗ, ಚಕ್ಕೆ, ಒಣಕೊಬ್ಬರಿ ಇವುಗಳ ಸಾಲಿನಲ್ಲಿ ಕಿರಾಣಿ ಅಂಗಡಿಯಿಂದ ತಂದ ಒಂದು ಸಣ್ಣ ಪೊಟ್ಟಣವೂ ಇರುತ್ತದೆ. ಬಿಚ್ಚಿ ನೋಡಿದರೆ ಒಣಗಿ ಮುದುಡಿದ ಎಲೆಯಂಥ ಚೂರುಗಳು. ಒಂದು ಮಗ್ಗುಲು ಬೂದು, ಇನ್ನೊಂದು ಮಗ್ಗುಲು ಕಪ್ಪು. ಹಾಗೇ ಮೂಸಿದರೆ ಒಣ ಮಣ್ಣಿನ ವಾಸನೆ. ಬಿಸಿ ಎಣ್ಣೆಗೆ ಬಿದ್ದರೆ ಮಾತ್ರ ಮನೆಯೆಲ್ಲ ಘಮ ಘಮ.

"ಅವ್ವಾ, ಇದೇನ?" ಎಂದು ಮಗ ಕೇಳಿದರೆ, "ಅದು ದಗಡಫೂಲ. ಅದನ್ನ ಹಾಕದಿದ್ರ ಖಾರಕ್ಕ ವಾಸನಿ ಬರೂದಿಲ್ಲ" ಎಂಬ ಉತ್ತರ ಸಿಗುತ್ತದೆ. ದಗಡ ಎಂದರೆ ಮರಾಠಿಯಲ್ಲಿ ಕಲ್ಲು, ಫೂಲ ಎಂದರೆ ಹೂವು. ಕನ್ನಡದಲ್ಲಿ ಅದೇ ಕಲ್ಲುಹೂವು. ತಮಿಳರಿಗೆ ಇದು ಕಲ್ಪಾಸಿ, ಅಂದರೆ ಕಲ್ಲಿನ ಪಾಚಿ. ಹಿಂದಿಯಲ್ಲಿ ಛರೀಲಾ, ಸಂಸ್ಕೃತದಲ್ಲಿ ಶೈಲೇಯ. ಹೆಸರು ಇಷ್ಟಿದ್ದರೂ ಇದು ಹೂವಲ್ಲ, ಬರೀ ಪಾಚಿಯೂ ಅಲ್ಲ, ಗಿಡವೂ ಅಲ್ಲ. ಹಾಗಾದರೆ ಮತ್ತೇನು?

ಒಂದೇ ಮನೆ, ಎರಡು ಒಕ್ಕಲು

ಈ ಪ್ರಶ್ನೆ ವಿಜ್ಞಾನಿಗಳನ್ನೂ ಬಹುಕಾಲ ಕಾಡಿತ್ತು. ಸಸ್ಯಗಳಿಗೆ ಹೆಸರಿಡುವ ಪದ್ಧತಿಯನ್ನು ಕಲಿಸಿದ ಸ್ವೀಡನ್ನಿನ ಲಿನೇಯಸ್ ಇವನ್ನು ಸಸ್ಯಲೋಕದ ಕಡುಬಡವರೆಂದು ಬದಿಗೆ ಸರಿಸಿದ್ದ. ಅವನ ಶಿಷ್ಯ ಎರಿಕ್ ಅಕೇರಿಯಸ್ ಈ ಬಡವರ ಮೇಲೆಯೇ ಜೀವಮಾನವಿಡೀ ಕೆಲಸ ಮಾಡಿ ಒಂದು ಹೊಸ ಶಾಸ್ತ್ರಕ್ಕೆ ಬುನಾದಿ ಹಾಕಿದ. ಆದರೆ ಗುಟ್ಟು ಬಯಲಾದದ್ದು 1867ರಲ್ಲಿ. ಸ್ವಿಟ್ಜರ್ಲೆಂಡಿನ ಸೈಮನ್ ಶ್ವೆಂಡನರ್, ಕಲ್ಲುಹೂವು ಒಂದು ಜೀವಿಯಲ್ಲ, ಶಿಲೀಂಧ್ರ ಮತ್ತು ಪಾಚಿ ಎಂಬ ಎರಡು ಜೀವಿಗಳ ಕೂಡುಬಾಳು ಎಂದು ಹೇಳಿದ. ಸಮಕಾಲೀನ ಪಂಡಿತರಲ್ಲಿ ಅನೇಕರು ಇದನ್ನು ಒಪ್ಪಲಿಲ್ಲ, ಗೇಲಿ ಮಾಡಿದವರೂ ಇದ್ದರು. ಕಾಲ ಕಳೆದಂತೆ ಅವನ ಮಾತೇ ನಿಂತಿತು. ಶಾಲೆಯ ಮಕ್ಕಳು ಇಂದು ಕಲಿಯುವ 'ಸಹಜೀವನ' ಎಂಬ ಪಾರಿಭಾಷಿಕ ಪದ ಹುಟ್ಟಿ ಬಳಕೆಗೆ ಬಂದದ್ದು 1870ರ ದಶಕದ ಇಂಥ ಚರ್ಚೆಗಳಿಂದಲೇ.

ಕಲ್ಲುಹೂವಿನ ಒಂದು ಚೂರನ್ನು ಅಡ್ಡಲಾಗಿ ತೆಳ್ಳಗೆ ಸೀಳಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಮನೆಯ ಕಟ್ಟಡ ಕಾಣುತ್ತದೆ. ಮೇಲೆ ಒತ್ತಾಗಿ ಹೆಣೆದ ಶಿಲೀಂಧ್ರದ ಚಾವಣಿ. ಅದರ ಕೆಳಗೆ ಹಸಿರು ಮಣಿ ಚೆಲ್ಲಿದಂತೆ ಪಾಚಿಯ ಕೋಶಗಳ ಒಂದು ಪದರ. ಅದರಡಿ ಹತ್ತಿಯಂತೆ ಸಡಿಲವಾದ ಶಿಲೀಂಧ್ರದ ಎಳೆಗಳು. ಪಾಚಿ ಬಿಸಿಲಿನ ಬಲದಿಂದ ಆಹಾರ ತಯಾರಿಸುತ್ತದೆ. ಶಿಲೀಂಧ್ರಕ್ಕೆ ಆ ಶಕ್ತಿಯಿಲ್ಲ. ಶಿಲೀಂಧ್ರ ಸೂರು ಕೊಡುತ್ತದೆ, ನೀರು ಹಿಡಿದಿಡುತ್ತದೆ, ಸುಡುವ ಬಿಸಿಲಿಗೆ ಪರದೆಯಾಗುತ್ತದೆ. ಬರೀ ಪಾಚಿ ಬಂಡೆಯ ಮೇಲೆ ಒಂದು ಬೇಸಿಗೆಯನ್ನೂ ಕಳೆಯಲಾರದು. ಒಬ್ಬರದು ಅಡುಗೆ, ಇನ್ನೊಬ್ಬರದು ಮನೆ! ಕೆಲವು ಜಾತಿಗಳಲ್ಲಿ ಹಸಿರು ಪಾಚಿಯ ಬದಲು ನೀಲಿ-ಹಸಿರು ಪಾಚಿ ಇರುತ್ತದೆ. ಅದು ಗಾಳಿಯಲ್ಲಿನ ಸಾರಜನಕವನ್ನೂ ಹಿಡಿದು ಕೊಡುತ್ತದೆ.

ಕತೆ ಇಲ್ಲಿಗೇ ಮುಗಿಯಲಿಲ್ಲ. 2016ರಲ್ಲಿ ಟೋಬಿ ಸ್ಪ್ರಿಬಿಲ್ ಮತ್ತು ಸಂಗಡಿಗರು ಅನೇಕ ಕಲ್ಲುಹೂವುಗಳ ಚಾವಣಿಯಲ್ಲಿ ಹುದುಗಿದ್ದ ಇನ್ನೊಂದು ಬಗೆಯ ಶಿಲೀಂಧ್ರವನ್ನು, ಯೀಸ್ಟ್ ರೂಪದಲ್ಲಿರುವುದನ್ನು, ಪತ್ತೆ ಮಾಡಿದರು. ನೂರೈವತ್ತು ವರ್ಷ ಇಬ್ಬರ ಸಂಸಾರವೆಂದು ತಿಳಿದದ್ದು ಕೂಡು ಕುಟುಂಬವಾಗಿತ್ತು!

ಜಗತ್ತಿನಲ್ಲಿ ಕಲ್ಲುಹೂವಿನ ಸುಮಾರು 20,000 ಜಾತಿಗಳಿವೆ. ಭಾರತದಲ್ಲೇ ಎರಡೂವರೆ ಸಾವಿರಕ್ಕೂ ಹೆಚ್ಚು. ಇವುಗಳನ್ನು ಒಂದೊಂದಾಗಿ ಗುರುತಿಸಿ ಶಿಷ್ಯರನ್ನು ಬೆಳೆಸಿದವರು ಲಖನೌದ ಪ್ರೊ. ಧರಣಿ ಧರ್ ಅವಸ್ಥಿ (1922–2011). ಭಾರತೀಯ ಕಲ್ಲುಹೂವು ವಿಜ್ಞಾನದ ಪಿತಾಮಹರೆಂದೇ ಅವರನ್ನು ಕರೆಯುತ್ತಾರೆ.

ಮಲಪ್ರಭೆಯ ಜೊತೆಗೊಂದು ಪಯಣ

ಕಲ್ಲುಹೂವುಗಳನ್ನು ಹೊರನೋಟಕ್ಕೆ ಮೂರು ಬಗೆಯಾಗಿ ವಿಂಗಡಿಸುತ್ತಾರೆ. ಮೊದಲನೆಯದು ಹಕ್ಕಳೆಯ ರೂಪ. ಗಾಯದ ಹಕ್ಕಳೆಯಂತೆ ಕಲ್ಲಿಗೋ ತೊಗಟೆಗೋ ಅಂಟಿಕೊಂಡಿರುತ್ತದೆ. ಉಗುರು ಹಾಕಿದರೂ ಏಳದು. ಎರಡನೆಯದು ಎಲೆಯ ರೂಪ. ಅಂಚು ಮೇಲೆದ್ದು ಸುರುಳಿಯಾಗಿರುತ್ತದೆ; ಮಸಾಲೆಯ ದಗಡಫೂಲ ಈ ಗುಂಪಿನದು. ಮೂರನೆಯದು ಪೊದೆಯ ರೂಪ. ರೆಂಬೆಯಿಂದ ಮುದುಕನ ಗಡ್ಡದಂತೆ ಇಳಿಬಿದ್ದಿರುತ್ತದೆ.

ಯಾವ ಊರಿನಲ್ಲಿ ಯಾವ ರೂಪ ಹೆಚ್ಚು ಎಂಬುದನ್ನು ತೀರ್ಮಾನಿಸುವುದು ಮುಖ್ಯವಾಗಿ ಗಾಳಿಯ ತೇವ. ಈ ಪಾಠ ಕಲಿಯಲು ಬೆಳಗಾವಿ ಜಿಲ್ಲೆಯ ಈ ನಾಲ್ಕು ತಾಲೂಕುಗಳಿಗಿಂತ ಒಳ್ಳೆಯ ತರಗತಿ ಸಿಗುವುದು ಕಷ್ಟ. ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆ ದಟ್ಟ ಮಳೆಯ ಕಾಡಿನಿಂದ ಪೂರ್ವಕ್ಕೆ ಹೊರಟು, ಕಿತ್ತೂರು–ಬೈಲಹೊಂಗಲದ ಸೀಮೆಯನ್ನು ಹಾಯ್ದು, ಸವದತ್ತಿಯ ಬಳಿ ನವಿಲುತೀರ್ಥದ ಕಣಿವೆಯಲ್ಲಿ ಗುಡ್ಡವನ್ನು ಸೀಳಿಕೊಂಡು, ರಾಮದುರ್ಗದ ಮಗ್ಗುಲಲ್ಲಿ ಹರಿದು ಕೂಡಲಸಂಗಮದತ್ತ ಸಾಗುತ್ತದೆ. ನದಿ ಮುಂದೆ ಮುಂದೆ ಹೋದಂತೆ ಮಳೆ ಕಡಿಮೆಯಾಗುತ್ತ ಹೋಗುತ್ತದೆ. ಕಿತ್ತೂರು ಅರೆಮಲೆನಾಡಿನ ಸೆರಗು. ರಾಮದುರ್ಗ ಪೂರಾ ಬಯಲುಸೀಮೆ.

ಕಿತ್ತೂರಿನ ಸುತ್ತಿನ ಹಳೆಯ ಮಾವು, ಆಲದ ಮರಗಳ ತೊಗಟೆಯನ್ನು ಹತ್ತಿರದಿಂದ ನೋಡಿದರೆ ತಿಳಿಹಸಿರು ಬೂದಿ ಬಣ್ಣದ ಮಚ್ಚೆಗಳು ಕಣ್ಣಿಗೆ ಬೀಳುತ್ತವೆ. ರಾಣಿ ಚೆನ್ನಮ್ಮ 1824ರಲ್ಲಿ ಬ್ರಿಟಿಷರನ್ನು ಎದುರಿಸಿ ನಿಂತ ಕೋಟೆಯ ಪಾಳು ಗೋಡೆಗಳ ಮೇಲೂ ಇಂಥವೇ ಬಿಳಿ, ಬೂದು ಮಚ್ಚೆಗಳು. ನೋಡಿದವರು ಸುಣ್ಣ ಸಿಡಿದಿರಬೇಕು ಎಂದುಕೊಂಡು ಮುಂದೆ ಹೋಗುತ್ತಾರೆ. ಬೈಲಹೊಂಗಲದ ಎರೆಹೊಲಗಳಲ್ಲಿ ಬಂಡೆ ಅಪರೂಪ. ಅಲ್ಲಿ ಕಲ್ಲುಹೂವಿಗೆ ನೆಲೆ ಬದುವಿನ ಬೇವು, ಹುಣಸೆ, ಬಾರೆ ಗಿಡಗಳೇ. ಹತ್ತಿರದ ಸೊಗಲದಲ್ಲಿ ಸೋಮೇಶ್ವರ ಗುಡಿಯ ಬಳಿ ನೀರು ಧುಮ್ಮಿಕ್ಕುವುದರಿಂದ ಅಲ್ಲಿನ ಬಂಡೆಗಳಿಗೆ ತಂಪು ತಪ್ಪದು.

ಸವದತ್ತಿ, ರಾಮದುರ್ಗಗಳ ಗುಡ್ಡಗಳದು ಬೇರೆಯದೇ ಲೋಕ. ಗೋಕಾಕದಿಂದ ಬಾದಾಮಿಯತ್ತ ಹಬ್ಬಿದ, ನೂರು ಕೋಟಿ ವರ್ಷಕ್ಕೂ ಹಳೆಯದಾದ ಕಲಾದಗಿ ಶ್ರೇಣಿಯ ಮರಳುಗಲ್ಲುಗಳಿವು. ಏಪ್ರಿಲ್ ತಿಂಗಳ ಮಧ್ಯಾಹ್ನ ಬರಿಗಾಲು ಇಡಲಾಗದಷ್ಟು ಕಾಯುವ ಈ ಬಂಡೆಗಳ ಮೇಲೆ ಎಲೆ ರೂಪದವು ವಿರಳ. ಹಕ್ಕಳೆಯವೇ ಅಲ್ಲಿನ ಒಕ್ಕಲು. ಯಲ್ಲಮ್ಮನ ಗುಡ್ಡಕ್ಕೋ ಸುರೇಬಾನ ಬಳಿಯ ಶಬರಿಕೊಳ್ಳಕ್ಕೋ ಹೋಗುವವರು ದಾರಿಯ ಬಂಡೆಯ ಎದುರು ಎರಡು ನಿಮಿಷ ನಿಂತರೆ ಸಾಕು. ಕಪ್ಪು, ಬೂದು, ಹಳದಿ ವೃತ್ತಗಳು ನಕಾಶೆಯಂತೆ ಬಿಡಿಸಿಕೊಳ್ಳುತ್ತವೆ.

ಒಂದು ಹನಿ ನೀರು ಸಾಕು

ಇಷ್ಟು ಬಿಸಿಲಿನಲ್ಲಿ ಅದು ಬದುಕಿರುವುದಾದರೂ ಹೇಗೆ? ಉತ್ತರ ಸರಳ: ನೀರಿಲ್ಲದಾಗ ಬದುಕನ್ನೇ ನಿಲ್ಲಿಸಿಬಿಡುತ್ತದೆ! ಗಿಡ ಒಣಗಿದರೆ ಸತ್ತಂತೆ. ಕಲ್ಲುಹೂವು ಹಾಗಲ್ಲ. ಮೈಯ ನೀರೆಲ್ಲ ಆರಿ ಗರಿಗರಿಯಾದರೂ ಸಾಯದೆ ಕಾಯುತ್ತದೆ. ಮಳೆ, ಮಂಜು, ಬೆಳಗಿನ ಇಬ್ಬನಿ ಯಾವುದಾದರೂ ತಾಗಿದರೆ ಕೆಲವೇ ನಿಮಿಷಗಳಲ್ಲಿ ಎಚ್ಚರಗೊಂಡು ಆಹಾರ ತಯಾರಿಕೆ ಶುರು ಮಾಡುತ್ತದೆ.

ವಿದ್ಯಾರ್ಥಿಗಳು ಇದನ್ನು ಕಣ್ಣಾರೆ ನೋಡಬಹುದು. ಬೇಸಿಗೆಯಲ್ಲಿ ಮರದ ಮೇಲಿನ ಬೂದು ಮಚ್ಚೆಯೊಂದರ ಮೇಲೆ ಎರಡು ಹನಿ ನೀರು ಬಿಡಿ. ಬೂದು ಬಣ್ಣ ನೋಡನೋಡುತ್ತಲೇ ಹಸಿರಿಗೆ ತಿರುಗುತ್ತದೆ. ಶಿಲೀಂಧ್ರದ ಚಾವಣಿ ನೆನೆದು ಪಾರದರ್ಶಕವಾದೊಡನೆ ಒಳಗಿನ ಹಸಿರು ಕೋಶಗಳು ಕಾಣುವುದೇ ಇದಕ್ಕೆ ಕಾರಣ. ಖರ್ಚಿಲ್ಲ, ಕಲ್ಲುಹೂವಿಗೆ ಹಾನಿಯೂ ಇಲ್ಲ.

ಈ ತಾಳಿಕೆ ಎಷ್ಟರಮಟ್ಟಿನದು ಎಂದರೆ, 2005ರಲ್ಲಿ ಎರಡು ಜಾತಿಯ ಕಲ್ಲುಹೂವುಗಳನ್ನು ಉಪಗ್ರಹವೊಂದರ ಹೊರಮೈಯಲ್ಲಿಟ್ಟು ಸುಮಾರು ಎರಡು ವಾರ ಅಂತರಿಕ್ಷಕ್ಕೆ ಒಡ್ಡಲಾಯಿತು. ಗಾಳಿಯಿಲ್ಲ, ನೀರಿಲ್ಲ, ಸೂರ್ಯನ ನೇರಳಾತೀತ ಕಿರಣಗಳಿಗೆ ತಡೆಯಿಲ್ಲ. ಭೂಮಿಗೆ ಮರಳಿ ತಂದು ನೀರುಣಿಸಿದಾಗ ಅವು ಮತ್ತೆ ಉಸಿರಾಡತೊಡಗಿದವು!

ಆದರೆ ಈ ಬದುಕಿಗೆ ಒಂದು ಬೆಲೆಯಿದೆ. ಎಚ್ಚರವಿರುವ ಹೊತ್ತು ಕಡಿಮೆಯಾದ್ದರಿಂದ ಬೆಳವಣಿಗೆ ಅತಿ ನಿಧಾನ. ಎಲೆ ರೂಪದವು ಸಾಮಾನ್ಯವಾಗಿ ವರ್ಷಕ್ಕೆ ಕೆಲವು ಮಿಲಿಮೀಟರ್. ಹಕ್ಕಳೆಯವು ಒಂದೆರಡು ಮಿಲಿಮೀಟರ್, ಅನೇಕವು ಅದಕ್ಕಿಂತಲೂ ಕಡಿಮೆ. ಅಂಗೈಯಗಲದ ಮಚ್ಚೆಯೊಂದು ಅದನ್ನು ನೋಡುತ್ತಿರುವ ಹುಡುಗನಿಗಿಂತ ಹಿರಿಯನಿರುವ ಸಾಧ್ಯತೆಯೇ ಹೆಚ್ಚು. ಈ ಮಾತನ್ನು ನೆನಪಿನಲ್ಲಿಡಬೇಕು. ಮುಂದೆ ಬೇಕಾಗುತ್ತದೆ.

ಪ್ರಯೋಗಾಲಯದ ಹಳೆಯ ಗೆಳೆಯ

ಓಡಿಹೋಗಲು ಕಾಲಿಲ್ಲದ, ಮುಳ್ಳೂ ಇಲ್ಲದ ಈ ಜೀವಿ ತನ್ನನ್ನು ಕಾಪಾಡಿಕೊಳ್ಳುವುದು ರಸಾಯನಗಳಿಂದ. ಬಿಸಿಲು ತಡೆಯಲು ಒಂದು, ಸೂಕ್ಷ್ಮಾಣುಗಳನ್ನು ದೂರವಿಡಲು ಇನ್ನೊಂದು, ಮೇಯಲು ಬರುವ ಹುಳಕ್ಕೆ ಕಹಿಯಾಗಲು ಮತ್ತೊಂದು. ಹೀಗೆ ಕಲ್ಲುಹೂವುಗಳಿಂದ ಸಾವಿರಕ್ಕೂ ಹೆಚ್ಚು ವಿಶೇಷ ರಾಸಾಯನಿಕಗಳನ್ನು ಗುರುತಿಸಲಾಗಿದೆ. ಅವುಗಳಲ್ಲಿ ಬಹುತೇಕ ಬೇರೆ ಗಿಡಗಳಲ್ಲಿ ಸಿಗುವುದೇ ಇಲ್ಲ.

ಇವುಗಳ ಪೈಕಿ ಒಂದನ್ನು ಹೈಸ್ಕೂಲು ವಿದ್ಯಾರ್ಥಿಗಳೆಲ್ಲ ಬಲ್ಲರು, ಕಲ್ಲುಹೂವಿನದೆಂದು ಗೊತ್ತಿಲ್ಲದೆಯೇ! ಆಮ್ಲದಲ್ಲಿ ಕೆಂಪು, ಪ್ರತ್ಯಾಮ್ಲದಲ್ಲಿ ನೀಲಿ ಆಗುವ ಲಿಟ್ಮಸ್ ಕಾಗದದ ಬಣ್ಣ ಮೂಲತಃ ಬಂದದ್ದು ಸಮುದ್ರ ತೀರದ ರೊಸೆಲಾ ಎಂಬ ಕಲ್ಲುಹೂವಿನಿಂದ. ಅಂದರೆ ಅಡುಗೆಮನೆಯ ದಗಡಫೂಲ ಮತ್ತು ಪ್ರಯೋಗಾಲಯದ ಲಿಟ್ಮಸ್ ಒಂದೇ ಬಳಗದವು. ಉತ್ತರ ಪ್ರದೇಶದ ಕನೌಜಿನಲ್ಲಿ ಅತ್ತರು ತಯಾರಿಸುವವರು ಛರೀಲಾ ಬಳಸುತ್ತಾರೆ. ಯುರೋಪಿನಲ್ಲಿ ಓಕ್ ಮರದ ಕಲ್ಲುಹೂವು ಸುಗಂಧ ದ್ರವ್ಯಗಳಿಗೆ ಬಹುಕಾಲದಿಂದ ಹೋಗುತ್ತಿದೆ.

ಔಷಧ ಹೌದು, ಆದರೆ...

ಆಯುರ್ವೇದಕ್ಕೆ ಶೈಲೇಯ ಹಳೆಯ ಪರಿಚಯ. ಭಾವಪ್ರಕಾಶ ನಿಘಂಟು ಇದನ್ನು ಕರ್ಪೂರ ಮೊದಲಾದ ಸುಗಂಧ ದ್ರವ್ಯಗಳ ವರ್ಗದಲ್ಲಿ ಸೇರಿಸುತ್ತದೆ. ತಂಪು ಗುಣದ್ದು, ಕಫ–ಪಿತ್ತಗಳನ್ನು ಶಮನ ಮಾಡುವಂಥದ್ದು, ತುರಿಕೆ ಮತ್ತು ಚರ್ಮರೋಗಗಳಿಗೆ ಒದಗುವಂಥದ್ದು ಎಂದು ವಿವರಿಸುತ್ತದೆ. ಯುನಾನಿ ವೈದ್ಯರೂ ಇದನ್ನು ಬಳಸುತ್ತ ಬಂದಿದ್ದಾರೆ. ಯುರೋಪಿನಲ್ಲಿ 'ಐಸ್‌ಲ್ಯಾಂಡ್ ಪಾಚಿ' ಎಂಬ ಹೆಸರಿನ ಕಲ್ಲುಹೂವಿನಿಂದ ಮಾಡಿದ ಕೆಮ್ಮಿನ ಗುಳಿಗೆಗಳು ಔಷಧದಂಗಡಿಗಳಲ್ಲಿ ಸಿಗುತ್ತವೆ.

ಆಧುನಿಕ ವಿಜ್ಞಾನ ಇದರತ್ತ ಗಂಭೀರವಾಗಿ ತಿರುಗಿದ್ದು ಪೆನಿಸಿಲಿನ್ ಹೆಸರು ಮಾಡಿದ ಕಾಲದಲ್ಲಿ. ಶಿಲೀಂಧ್ರವೊಂದು ಇಂಥ ಮದ್ದು ಕೊಡುವುದಾದರೆ ಕಲ್ಲುಹೂವಿನ ಶಿಲೀಂಧ್ರ ಏಕೆ ಕೊಡಬಾರದು? ಅಮೆರಿಕದ ಪಾಲ್ ಬರ್ಕ್‌ಹೋಲ್ಡರ್ ಮತ್ತು ಸಂಗಡಿಗರು 1944ರಲ್ಲಿ ಅನೇಕ ಕಲ್ಲುಹೂವುಗಳ ರಸವನ್ನು ಪರೀಕ್ಷಿಸಿ, ಅವು ಕೆಲವು ಬ್ಯಾಕ್ಟೀರಿಯಾಗಳ ಬೆಳವಣಿಗೆಯನ್ನು ತಡೆಯುತ್ತವೆ ಎಂದು ತೋರಿಸಿದರು. ಗಡ್ಡದಂತೆ ಇಳಿಬೀಳುವ ಅಸ್ನಿಯಾ ಜಾತಿಯಲ್ಲಿ ಹೇರಳವಾಗಿರುವ ಅಸ್ನಿಕ್ ಆಮ್ಲ ಇವುಗಳಲ್ಲಿ ಪ್ರಸಿದ್ಧ. ಕೀವು ಮಾಡುವ ಬ್ಯಾಕ್ಟೀರಿಯಾಗಳನ್ನು ಅದು ಪ್ರಯೋಗಾಲಯದಲ್ಲಿ ಚೆನ್ನಾಗಿ ತಡೆಯುತ್ತದೆ. ಹಲವು ದೇಶಗಳಲ್ಲಿ ಚರ್ಮಕ್ಕೆ ಹಚ್ಚುವ ಮುಲಾಮುಗಳಲ್ಲಿ ಬಳಕೆಯಾಗಿದೆ.

ಕರ್ನಾಟಕದಲ್ಲಿಯೂ ಈ ಕೆಲಸ ನಡೆದಿದೆ. ಶಿವಮೊಗ್ಗದ ಕುವೆಂಪು ವಿಶ್ವವಿದ್ಯಾಲಯ ಮತ್ತು ಸಹ್ಯಾದ್ರಿ ವಿಜ್ಞಾನ ಕಾಲೇಜಿನ ಸಂಶೋಧಕರು ಪಶ್ಚಿಮ ಘಟ್ಟದ ಕಲ್ಲುಹೂವುಗಳನ್ನು ಗುರುತಿಸಿ, ಸೂಕ್ಷ್ಮಾಣುಗಳ ಮೇಲೆ ಅವುಗಳ ಪರಿಣಾಮವನ್ನು ಪರೀಕ್ಷಿಸಿದ್ದಾರೆ. ಪುಣೆಯ ಅಘಾರ್ಕರ್ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಇನ್ನೊಂದು ದಾರಿ ಹಿಡಿದರು. ಕಾಡಿನಿಂದ ಕಿತ್ತು ತರುವ ಬದಲು ಪ್ರಯೋಗಾಲಯದ ಗಾಜಿನ ಪಾತ್ರೆಯಲ್ಲೇ ಕಲ್ಲುಹೂವನ್ನು ಬೆಳೆಸಿ ಅದರ ಔಷಧ ಗುಣವನ್ನು ಪರೀಕ್ಷಿಸುವುದು ಅವರ ಪ್ರಯತ್ನ.

ಇಲ್ಲಿ ತಂದೆ–ತಾಯಂದಿರು ಗಮನಿಸಬೇಕಾದ ಮಾತೊಂದಿದೆ. ಗಾಜಿನ ತಟ್ಟೆಯಲ್ಲಿ ಬ್ಯಾಕ್ಟೀರಿಯಾ ಸತ್ತರೆ ಅದು ಔಷಧದ ಮೊದಲ ಮೆಟ್ಟಿಲು ಮಾತ್ರ. ಮನುಷ್ಯನ ಹೊಟ್ಟೆಗೆ ಹೋದರೆ ಅದು ಏನು ಮಾಡುತ್ತದೆ, ಎಷ್ಟು ಪ್ರಮಾಣ ಸುರಕ್ಷಿತ ಎಂಬುದು ಬೇರೆಯೇ ಪ್ರಶ್ನೆ. ಅಸ್ನಿಕ್ ಆಮ್ಲವೇ ಇದಕ್ಕೆ ಸಾಕ್ಷಿ. ತೂಕ ಇಳಿಸುತ್ತದೆಂದು ಅಮೆರಿಕದಲ್ಲಿ ಮಾರುತ್ತಿದ್ದ ಒಂದು ಮಾತ್ರೆಯಲ್ಲಿ ಇದನ್ನು ಸೇರಿಸಲಾಗಿತ್ತು. ನುಂಗಿದ ಕೆಲವರ ಯಕೃತ್ತು ತೀವ್ರವಾಗಿ ಕೆಟ್ಟಿತು. ಆ ದೇಶದ ಆಹಾರ ಮತ್ತು ಔಷಧ ಇಲಾಖೆ 2001ರಲ್ಲಿ ಜನರಿಗೆ ಎಚ್ಚರಿಕೆ ನೀಡಬೇಕಾಯಿತು. ಹಳದಿ ಬಣ್ಣದ ಇನ್ನೊಂದು ಕಲ್ಲುಹೂವನ್ನು ಉತ್ತರ ಯುರೋಪಿನ ಜನ ತೋಳಗಳನ್ನು ಕೊಲ್ಲುವ ವಿಷವಾಗಿ ಬಳಸುತ್ತಿದ್ದರು. ಕಲ್ಲುಹೂವುಗಳೆಲ್ಲ ಒಂದೇ ಅಲ್ಲ ಎಂಬುದಕ್ಕೆ ಇದಕ್ಕಿಂತ ದೊಡ್ಡ ಪಾಠ ಬೇಡ.

ಹೆಸರು ತರುವ ಫಜೀತಿ

'ಕಲ್ಲುಹೂವಿನ ಕಷಾಯ ಕುಡಿದರೆ ಮೂತ್ರಕೋಶದ ಕಲ್ಲು ಕರಗುತ್ತದೆ' ಎಂಬ ಮಾತು ಅಲ್ಲಲ್ಲಿ ಕೇಳಿಬರುತ್ತದೆ. ಕಲ್ಲಿಗೆ ಕಲ್ಲುಹೂವು, ಕೇಳಲು ಸೊಗಸಾಗಿದೆ! ಶೈಲೇಯದ ಗುಣಗಳಲ್ಲಿ ಅಶ್ಮರಿಗೆ ಒಳ್ಳೆಯದೆಂಬ ಮಾತು ಪ್ರಾಚೀನ ಗ್ರಂಥಗಳಲ್ಲಿ ಇದ್ದರೂ ಇಂದು ಮೂತ್ರಪಿಂಡದ ಕಲ್ಲಿನ ಮಾತ್ರೆಗಳ ಪಟ್ಟಿಯಲ್ಲಿ ಕಾಣುವ 'ಶಿಲಾಪುಷ್ಪ' ಬೇರೆಯೇ ಸಸ್ಯ. ಅದು ಹಿಮಾಲಯದ ಬಂಡೆಗಳ ಸಂದಿಯಲ್ಲಿ ಬೆಳೆದು ನಿಜವಾಗಿಯೂ ಹೂ ಬಿಡುವ ಒಂದು ಪುಟ್ಟ ಗಿಡ. ಇನ್ನು 'ಶಿಲಾಜಿತು' ಗಿಡವೂ ಅಲ್ಲ, ಕಲ್ಲುಹೂವೂ ಅಲ್ಲ. ಪರ್ವತದ ಬಂಡೆಗಳಿಂದ ಒಸರುವ ಅಂಟು ಪದಾರ್ಥ. ಮೂರಕ್ಕೂ ಹೆಸರಿನಲ್ಲಿ ಕಲ್ಲಿದೆ ಎಂದಮಾತ್ರಕ್ಕೆ ಗುಣ ಒಂದಾಗದು.

ಮತ್ತೊಂದು ಎಚ್ಚರ ಇದಕ್ಕಿಂತ ಮುಖ್ಯ. ಬೇರಿಲ್ಲದ ಕಲ್ಲುಹೂವು ಉಣ್ಣುವುದೆಲ್ಲ ಗಾಳಿ, ಮಳೆ, ಧೂಳಿನಿಂದ. ಒಳ್ಳೆಯದು ಕೆಟ್ಟದ್ದು ಎಂದು ಆರಿಸುವ ಸೌಕರ್ಯ ಅದಕ್ಕಿಲ್ಲ. ಸೀಸದಂಥ ಲೋಹಗಳನ್ನೂ ಹೀರಿ ವರ್ಷಗಟ್ಟಲೆ ಮೈಯಲ್ಲಿ ಕೂಡಿಡುತ್ತದೆ. 1986ರಲ್ಲಿ ಚೆರ್ನೋಬಿಲ್ ಅಣುಸ್ಥಾವರ ಸಿಡಿದಾಗ ದೂರದ ಸ್ವೀಡನ್, ನಾರ್ವೆಗಳ ಕಲ್ಲುಹೂವುಗಳು ವಿಕಿರಣದ ಧೂಳನ್ನು ಹೀರಿಕೊಂಡವು. ಅದನ್ನು ಮೇದ ಹಿಮಸಾರಂಗಗಳ ಮಾಂಸ ತಿನ್ನಲು ಯೋಗ್ಯವಾಗಿ ಉಳಿಯಲಿಲ್ಲ. ಆದ್ದರಿಂದ ಹೆದ್ದಾರಿ ಬದಿಯ ಮರದಿಂದಲೋ ಕೋಟೆಯ ಗೋಡೆಯಿಂದಲೋ ಕೆರೆದು ತಂದದ್ದನ್ನು ಮನೆಯ ಸಾರಿಗೂ ಹಾಕಬಾರದು, ಕಷಾಯಕ್ಕೂ ಹಾಕಬಾರದು. ಮಸಾಲೆಗೆ ಬಳಸುವ ಜಾತಿಗಳೇ ಬೇರೆ, ಪ್ರಮಾಣವೂ ಚಿಟಿಕೆಯಷ್ಟೇ. ಔಷಧವಾಗಿ ಬೇಕಿದ್ದರೆ ವೈದ್ಯರ ಸಲಹೆಯೇ ದಾರಿ.

ಗಾಳಿಯ ಕಾವಲುಗಾರ

ಇದೇ ದೌರ್ಬಲ್ಯ ಮನುಷ್ಯನಿಗೆ ಉಪಕಾರವೂ ಆಗಿದೆ. 1866ರಲ್ಲಿ ಫಿನ್ಲೆಂಡಿನ ವಿಲಿಯಂ ನೈಲಾಂಡರ್ ಪ್ಯಾರಿಸ್ ನಗರದ ಉದ್ಯಾನವೊಂದರ ಕಲ್ಲುಹೂವುಗಳನ್ನು ನಗರದ ಉಳಿದ ಭಾಗದೊಡನೆ ಹೋಲಿಸಿ, ಇವು ಗಾಳಿಯ ಶುದ್ಧತೆಯ ಅಳತೆಗೋಲು ಎಂದು ಬರೆದ. ಕಲ್ಲಿದ್ದಲ ಹೊಗೆಯ ಗಂಧಕದ ಡೈಆಕ್ಸೈಡ್ ಇವುಗಳಿಗೆ ಕಡುವೈರಿ. ಗಾಳಿ ಕೆಟ್ಟಂತೆ ಮೊದಲು ಕಾಣೆಯಾಗುವುದು ಪೊದೆ ರೂಪದವು, ಆಮೇಲೆ ಎಲೆ ರೂಪದವು, ಕಡೆಯವರೆಗೆ ಉಳಿಯುವುದು ಹಕ್ಕಳೆಯವು. ಇದೇ ಆಧಾರದ ಮೇಲೆ ಇಂಗ್ಲೆಂಡಿನಲ್ಲಿ 1970ರಲ್ಲಿ ಹಾಕ್ಸ್‌ವರ್ತ್ ಮತ್ತು ರೋಸ್ ಎಂಬ ಇಬ್ಬರು, ಮರದ ಮೇಲೆ ಯಾವ ಜಾತಿಗಳಿವೆ ಎಂದು ನೋಡಿಯೇ ಗಾಳಿಯ ಗುಣಮಟ್ಟ ಹೇಳುವ ಕೋಷ್ಟಕ ಕೊಟ್ಟರು. ಬೆಂಗಳೂರಿನ ಲಾಲ್‌ಬಾಗ್‌ನ ಕಲ್ಲುಹೂವುಗಳನ್ನೂ ವಿಜ್ಞಾನಿಗಳು ಹಳೆಯ ದಾಖಲೆಯೊಂದಿಗೆ ಹೋಲಿಸಿ, ಅವುಗಳ ಮೈಯಲ್ಲಿನ ಲೋಹಗಳನ್ನು ಅಳೆದು, 2003ರಲ್ಲಿ 'ಕರೆಂಟ್ ಸೈನ್ಸ್' ಪತ್ರಿಕೆಯಲ್ಲಿ ವರದಿ ಮಾಡಿದ್ದಾರೆ.

ಪಿಯುಸಿ ಮೊದಲ ವರ್ಷದ ಜೀವಶಾಸ್ತ್ರ ಪುಸ್ತಕದಲ್ಲಿ 'ಕಲ್ಲುಹೂವುಗಳು ಮಾಲಿನ್ಯದ ಉತ್ತಮ ಸೂಚಕಗಳು' ಎಂಬ ವಾಕ್ಯವಿದೆ. ಬಹಳಷ್ಟು ವಿದ್ಯಾರ್ಥಿಗಳಿಗೆ ಅದು ಒಂದು ಅಂಕದ ಉತ್ತರ, ಅಷ್ಟೇ. ಆ ವಾಕ್ಯದ ಜೀವಂತ ಪ್ರತಿ ಶಾಲೆಯ ಅಂಗಳದ ಬೇವಿನ ಮರದ ಮೇಲೆಯೇ ಅಂಟಿಕೊಂಡಿದೆ ಎಂಬುದನ್ನು ತೋರಿಸುವವರು ಬೇಕು.

ಕೆರೆಯುವ ಮುನ್ನ

ತೋಟದ ಮರಕ್ಕೆ ಕಲ್ಲುಹೂವು ಹತ್ತಿದರೆ ರೋಗವೆಂದು ತಿಳಿದು ಕೆರೆದು ಹಾಕುವ ರೈತರಿದ್ದಾರೆ. ಇದು ಬಂದಳಿಕೆಯಂತೆ ಮರದ ರಸ ಹೀರುವುದಿಲ್ಲ. ತೊಗಟೆ ಅದಕ್ಕೆ ಕೂರುವ ಜಾಗ ಮಾತ್ರ. ಮುಪ್ಪಿನ ಮರದಲ್ಲಿ ಹೆಚ್ಚು ಕಾಣುವುದು ಮರ ಅದರಿಂದ ಸೊರಗಿದ್ದಕ್ಕಲ್ಲ. ಎಲೆ ವಿರಳವಾಗಿ ಬೆಳಕು ಹೆಚ್ಚು ಸಿಕ್ಕಿದ್ದಕ್ಕೆ.

ಹಳೆಯ ಕಟ್ಟಡಗಳ ವಿಷಯ ಸ್ವಲ್ಪ ಜಟಿಲ. ಕಲ್ಲುಹೂವು ಸ್ರವಿಸುವ ಆಮ್ಲಗಳು ಕಲ್ಲನ್ನು ಬಲು ನಿಧಾನವಾಗಿ ಸಡಿಲಗೊಳಿಸುತ್ತವೆ. ಬೋಳು ಬಂಡೆ ಮಣ್ಣಾಗುವ ಮೊದಲ ಹೆಜ್ಜೆಯೇ ಅದು. ಶಿಲ್ಪ, ಶಾಸನಗಳಿಗೆ ಇದು ಒಳ್ಳೆಯದಲ್ಲ. ಆದರೆ ತಂತಿ ಬ್ರಷ್ಷಿನಿಂದ ಉಜ್ಜಿದರೆ ಕಲ್ಲುಹೂವಿನ ಜೊತೆಗೆ ಕಲ್ಲಿನ ಮೇಲ್ಮೈಯೂ, ಅಕ್ಷರದ ಅಂಚೂ ಎದ್ದು ಬರುತ್ತದೆ. ಎಷ್ಟೋ ಕಡೆ ಅದು ಮಳೆ ಗಾಳಿಗೆ ಕಲ್ಲಿನ ಹೊದಿಕೆಯೂ ಆಗಿರುತ್ತದೆ. ಹೀಗಾಗಿ ಈ ಕೆಲಸ ಪುರಾತತ್ತ್ವ ಇಲಾಖೆಯ ತಜ್ಞರದು, ಉತ್ಸಾಹಿಗಳದಲ್ಲ.

ಮಾರುಕಟ್ಟೆಯ ದಗಡಫೂಲ ಹೊಲದಲ್ಲಿ ಬಿತ್ತಿ ಬೆಳೆದದ್ದಲ್ಲ. ಅದರ ಬಹುಪಾಲು ಹಿಮಾಲಯದ ಕಾಡುಗಳಿಂದ, ಕುಮಾವು–ಗಢವಾಲದ ಗುಡ್ಡಗಾಡಿನ ಜನ ಮರಗಳಿಂದ ಬಿಡಿಸಿ ತಂದದ್ದು. ಅಲ್ಲಿ ಅದರ ಹೆಸರು ಝೂಲಾ. ವರ್ಷಕ್ಕೆ ಮಿಲಿಮೀಟರ್ ಲೆಕ್ಕದಲ್ಲಿ ಬೆಳೆಯುವುದನ್ನು ಕ್ವಿಂಟಲ್ ಲೆಕ್ಕದಲ್ಲಿ ಕೀಳುತ್ತ ಹೋದರೆ ಮತ್ತೆ ತುಂಬುವುದು ಯಾವಾಗ? ಈ ಚಿಂತೆಯಿಂದಲೇ ಉತ್ತರಾಖಂಡದ ಅರಣ್ಯ ಇಲಾಖೆ 2020ರಲ್ಲಿ ಮುನ್ಸಿಯಾರಿಯಲ್ಲಿ ಕಲ್ಲುಹೂವುಗಳಿಗೆಂದೇ ಒಂದು ಉದ್ಯಾನ ತೆರೆಯಿತು. ದೇಶದಲ್ಲಿ ಇಂಥದು ಅದೇ ಮೊದಲು.

ಒಂದು ಅಳತೆಪಟ್ಟಿ, ಒಂದು ಮಸೂರ

ಕಲ್ಲುಹೂವು ನೋಡಲು ದುಬಾರಿ ಸಲಕರಣೆ ಬೇಡ. ಹತ್ತು ಪಟ್ಟು ದೊಡ್ಡದು ಮಾಡಿ ತೋರಿಸುವ ಕೈಮಸೂರ, ಒಂದು ಅಳತೆಪಟ್ಟಿ, ಒಂದು ನೋಟ್‌ಬುಕ್ ಸಾಕು. ಕ್ಯಾಮೆರಾ ಇರುವ ಮೊಬೈಲ್ ಇದ್ದರಂತೂ ಕೆಲಸ ಇನ್ನೂ ಸುಲಭ.

ಶಾಲೆಯ ಆವರಣದ ಒಂದು ಮರ ಅಥವಾ ಊರ ಹೊರಗಿನ ಒಂದು ಬಂಡೆಯನ್ನು ಆರಿಸಿಕೊಳ್ಳಿ. ಒಂದು ಮಚ್ಚೆಯ ಪಕ್ಕ ಅಳತೆಪಟ್ಟಿಯಿಟ್ಟು ಫೋಟೋ ತೆಗೆದು ದಿನಾಂಕ, ಜಾಗ, ಯಾವ ದಿಕ್ಕಿಗೆ ಮುಖ ಮಾಡಿದೆ ಎಂಬುದನ್ನು ಬರೆದಿಡಿ. ಮುಂದಿನ ವರ್ಷ ಅದೇ ತಿಂಗಳಲ್ಲಿ ಅದೇ ಮಚ್ಚೆಯ ಫೋಟೋ ಮತ್ತೆ ತೆಗೆಯಿರಿ. ಎಂಟನೆಯ ತರಗತಿಯಲ್ಲಿ ಶುರು ಮಾಡಿದವರು ಎಸ್ಸೆಸ್ಸೆಲ್ಸಿ ಮುಗಿಸುವ ಹೊತ್ತಿಗೆ ಮೂರು ಫೋಟೋ ಆಗುತ್ತವೆ. ಆಮೇಲೆ ಆ ಪುಸ್ತಕವನ್ನು ಕಿರಿಯರ ಕೈಗೆ ಒಪ್ಪಿಸಿ ಹೋಗಬೇಕು. ಕಿತ್ತೂರು, ಬೈಲಹೊಂಗಲ, ಸವದತ್ತಿ, ರಾಮದುರ್ಗಗಳಲ್ಲಿ ತಲಾ ಒಂದು ಶಾಲೆ ಹೀಗೆ ಹತ್ತು ವರ್ಷ ದಾಖಲೆ ಇಟ್ಟರೆ, ಮಳೆ ಇಳಿದಂತೆ ಕಲ್ಲುಹೂವಿನ ಬೆಳವಣಿಗೆ ಹೇಗೆ ಇಳಿಯುತ್ತದೆ ಎಂಬುದಕ್ಕೆ ಯಾವ ಪುಸ್ತಕದಿಂದಲೂ ನಕಲು ಮಾಡದ, ಮಕ್ಕಳೇ ಸಂಪಾದಿಸಿದ ಲೆಕ್ಕ ಸಿಗುತ್ತದೆ. ಹಿಮನದಿ ಸರಿದ ಕಾಲವನ್ನು ಬಂಡೆಯ ಮೇಲಿನ ಕಲ್ಲುಹೂವಿನ ಅಗಲದಿಂದ ಲೆಕ್ಕ ಹಾಕುವ ಶಾಸ್ತ್ರವನ್ನು ಆಸ್ಟ್ರಿಯಾದ ರೋಲಾಂಡ್ ಬೆಷೆಲ್ 1950ರಲ್ಲಿ ಕಟ್ಟಿದ್ದೂ ಇಂಥ ತಾಳ್ಮೆಯ ಅಳತೆಯಿಂದಲೇ.

ನಿಯಮ ಒಂದೇ: ನೋಡಿ, ಅಳೆಯಿರಿ, ಬರೆಯಿರಿ, ಕೀಳಬೇಡಿ.

ಸವದತ್ತಿಗೆ ರಟ್ಟರ ಕಾಲದ ಶಾಸನಗಳಲ್ಲಿ 'ಸುಗಂಧವರ್ತಿ' ಎಂಬ ಹೆಸರಿದೆ. ಆ ಊರಿನ ಸಂತೆಯಿಂದ ತಂದ ಪೊಟ್ಟಣದ ದಗಡಫೂಲ ಒಗ್ಗರಣೆಯಲ್ಲಿ ಪರಿಮಳ ಬಿಡುವಾಗ, ಅದರ ಹಿಂದೆ ಎರಡು ಜೀವಗಳು ಹೊಂದಿಕೊಂಡು ಕಳೆದ ಹಲವು ವರ್ಷಗಳ ಬಾಳು ಇದೆ ಎಂಬುದು ಊಟಕ್ಕೆ ಕೂತ ಮಕ್ಕಳಿಗೆ ಗೊತ್ತಿರಲಿ. ಚಿಟಿಕೆಯಷ್ಟು ಹಾಕುವಲ್ಲಿ ಮುಷ್ಟಿ ತುಂಬ ಹಾಕುವುದು ಬೇಡ ಎಂದು ಅವ್ವ ಹೇಳುವ ಮಾತಿಗೆ ಆಗ ಇನ್ನೊಂದು ಅರ್ಥವೂ ಹೊಳೆದೀತು.